ಅರವತ್ತಾರು ಬಿಲಿಯನ್ ಡಾಲರ್ ಬಂದರೂ ಕೊಲಂಬಸ್‌ಗೆ ರೈಲು ಯಾಕೆ ಬರಲಿಲ್ಲ?

ಪ್ರಶ್ನೆ: ನಾವು ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಕೆಲವು ವರ್ಷಗಳಿಂದ ಇದ್ದೇವೆ. ಊರಿಂದ ಅಪ್ಪ-ಅಮ್ಮ ಬಂದಾಗಲೆಲ್ಲ "ಇಷ್ಟು ದೊಡ್ಡ ಊರಿಗೆ ಒಂದು ರೈಲ್ವೆ ಸ್ಟೇಷನ್ ಇಲ್ಲವಾ?" ಅಂತ ಕೇಳುತ್ತಾರೆ. ಕಾರು ಓಡಿಸಲು ಬಾರದ ಅವರಿಗೆ ಶನಿವಾರ-ಭಾನುವಾರ ಬಿಟ್ಟರೆ ಮನೆಯೇ ಗತಿ. 2021ರಲ್ಲಿ ಸರ್ಕಾರ ರೈಲಿಗೆ 66 ಬಿಲಿಯನ್ ಡಾಲರ್ ಕೊಟ್ಟಿತು, ದೇಶದ ಪ್ಯಾಸೆಂಜರ್ ರೈಲು ಸಂಸ್ಥೆಯಾದ ಆಮ್‌ಟ್ರಾಕ್‌ನ ನಕ್ಷೆಯಲ್ಲಿ ನಮ್ಮೂರೂ ಇತ್ತು ಎಂದು ಓದಿದ್ದೆ. ಆಮೇಲೆ ಸುದ್ದಿಯೇ ಇಲ್ಲ. ಆ ಹಣ ಎಲ್ಲಿ ಹೋಯಿತು? ರೈಲು ಬರುವ ಸಾಧ್ಯತೆ ನಿಜವಾಗಿಯೂ ಇದೆಯಾ?

ಉತ್ತರ: ಸಾಧ್ಯತೆ ಇದೆ, ಆದರೆ ಹತ್ತಿರದಲ್ಲಿಲ್ಲ. ಎಲ್ಲ ಸಲೀಸಾಗಿ ನಡೆದರೂ 2030ರ ದಶಕದ ನಡುಭಾಗಕ್ಕಿಂತ ಮೊದಲು ನೀವು ಕೊಲಂಬಸ್‌ನಲ್ಲಿ ರೈಲು ಹತ್ತಲಾರಿರಿ ಎಂಬುದು ನನ್ನ ಅಂದಾಜು. ಅದನ್ನು ತೀರ್ಮಾನಿಸುವುದರಲ್ಲಿ ವಾಷಿಂಗ್ಟನ್ನಿನವರ ಕೈಗಿಂತ ನಿಮ್ಮೂರಿನಲ್ಲೇ ಇರುವ ಓಹಾಯೊ ಶಾಸನಸಭೆಯ ಕೈ ದೊಡ್ಡದು. ಯಾಕೆ ಎಂಬುದಕ್ಕೆ ನಿಮ್ಮ "ಹಣ ಎಲ್ಲಿ ಹೋಯಿತು" ಎಂಬ ಮಾತಿನಿಂದಲೇ ಹೊರಡೋಣ.

2021ರ ನವೆಂಬರ್ 15ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಮೂಲಸೌಕರ್ಯ ಕಾನೂನಿನಲ್ಲಿ ರೈಲಿಗೆ ಐದು ವರ್ಷಕ್ಕೆಂದು 66 ಬಿಲಿಯನ್ ಡಾಲರ್ ಇತ್ತು. 22 ಬಿಲಿಯನ್ ನೇರವಾಗಿ ಆಮ್‌ಟ್ರಾಕ್‌ಗೆ. ಅದರಲ್ಲಿ 6 ಬಿಲಿಯನ್ ವಾಷಿಂಗ್ಟನ್-ನ್ಯೂಯಾರ್ಕ್-ಬಾಸ್ಟನ್ ಮಾರ್ಗಕ್ಕೆ, 16 ಬಿಲಿಯನ್ ದೇಶದ ಉಳಿದ ಭಾಗಕ್ಕೆ, ಅಂದರೆ ಬಹುಮಟ್ಟಿಗೆ ಹಳೇ ಬೋಗಿಗಳ ಬದಲಿಗೆ ಹೊಸವು ಮತ್ತು ಅಂಗವಿಕಲರಿಗೆ ಅನುಕೂಲವಾಗುವಂತೆ ನಿಲ್ದಾಣಗಳ ದುರಸ್ತಿ. ಇನ್ನೊಂದು 36 ಬಿಲಿಯನ್ ರಾಜ್ಯಗಳ ಜೊತೆ ಸೇರಿ ಮಾಡುವ ಕಾಮಗಾರಿಗೆ. ಅದರಲ್ಲೂ 24 ಬಿಲಿಯನ್‌ವರೆಗೆ ಅದೇ ಈಶಾನ್ಯ ಮಾರ್ಗಕ್ಕೆ ಕೊಡಬಹುದು ಎಂದು ಕಾನೂನೇ ಹೇಳಿತು. ಮಿಕ್ಕ 8 ಬಿಲಿಯನ್ ಸುರಕ್ಷತೆ, ಸಣ್ಣ ಗೂಡ್ಸ್ ಮಾರ್ಗ, ಲೆವೆಲ್ ಕ್ರಾಸಿಂಗ್‌ಗಳಿಗೆ. ಲೆಕ್ಕ ಹಾಕಿ ನೋಡಿ: ಈಶಾನ್ಯದ ಹೊರಗೆ ಹೊಸ ಪ್ಯಾಸೆಂಜರ್ ಮಾರ್ಗಗಳಿಗೆ ಉಳಿದದ್ದು ಸುಮಾರು 12 ಬಿಲಿಯನ್. ಅದರಲ್ಲಿ ತಲಾ 3 ಬಿಲಿಯನ್ನಿನಷ್ಟು 2023ರ ಡಿಸೆಂಬರ್‌ನಲ್ಲಿ ಎರಡೇ ಯೋಜನೆಗಳಿಗೆ ಹೋಯಿತು. ಒಂದು ಕ್ಯಾಲಿಫೋರ್ನಿಯಾದ ಹೈಸ್ಪೀಡ್ ರೈಲು, ಇನ್ನೊಂದು ಲಾಸ್ ವೇಗಸ್ ಕಡೆಯ ಬ್ರೈಟ್‌ಲೈನ್ ವೆಸ್ಟ್. (ಕ್ಯಾಲಿಫೋರ್ನಿಯಾಕ್ಕೆ ಕೊಟ್ಟಿದ್ದ ಸುಮಾರು 4 ಬಿಲಿಯನ್ ಅನುದಾನವನ್ನು 2025ರ ಜುಲೈನಲ್ಲಿ ಟ್ರಂಪ್ ಆಡಳಿತ ರದ್ದು ಮಾಡಿತು. ಅದು ಬೇರೆಯೇ ಕಥೆ.) ಒಂದು ಬಿಲಿಯನ್ ಮೀರಿದ ಮತ್ತೊಂದು ಮೊತ್ತ ವರ್ಜೀನಿಯಾ-ಉತ್ತರ ಕೆರೊಲಿನಾ ನಡುವಿನ ಹಳೇ ಹಾದಿಯನ್ನು ಮತ್ತೆ ಕಟ್ಟಲು.

ಈಶಾನ್ಯಕ್ಕೆ ಸಿಂಹಪಾಲು ಹೋದದ್ದು ನೋಡಿ ನಿಮಗೆ ಸಿಟ್ಟು ಬರಬಹುದು. ನನಗೆ ಬರುವುದಿಲ್ಲ. ಬಾಲ್ಟಿಮೋರ್‌ನ ಸುರಂಗ 1873ರದ್ದು. ನ್ಯೂಯಾರ್ಕ್‌ನ ಹಡ್ಸನ್ ನದಿಯಡಿಯ ಜೋಡಿ ಸುರಂಗ 1910ರದ್ದು, 2012ರ ಸ್ಯಾಂಡಿ ಚಂಡಮಾರುತದಲ್ಲಿ ಉಪ್ಪುನೀರು ನುಗ್ಗಿ ಒಳಗೆಲ್ಲ ಹಾಳಾಗಿದೆ. ಅದೊಂದು ಮುಚ್ಚಿದರೆ ಆಮ್‌ಟ್ರಾಕ್‌ನ ಆದಾಯದ ಬೆನ್ನೆಲುಬೇ ಮುರಿಯುತ್ತದೆ. ಪಕ್ಕದಲ್ಲಿ ಹೊಸ ಸುರಂಗ ಕೊರೆದು ಹಳೆಯದನ್ನು ಸರಿಪಡಿಸುವ ಯೋಜನೆಗೆ ಸುಮಾರು 16 ಬಿಲಿಯನ್ ಡಾಲರ್ ಬೇಕು. ಪತ್ರಿಕೆಗಳು "ರೈಲು ವಿಸ್ತರಣೆ" ಎಂದು ಬರೆದ ಹಣದಲ್ಲಿ ಬಹುಪಾಲು ನೂರು ವರ್ಷ ಮುಂದೂಡಿದ ರಿಪೇರಿ ಬಿಲ್ಲು.

ನಿಮ್ಮೂರಿಗೂ ಏನೂ ಸಿಗಲಿಲ್ಲ ಎಂದಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ರೈಲು ಆಡಳಿತ 44 ರಾಜ್ಯಗಳ 69 ಮಾರ್ಗಗಳನ್ನು ಆಯ್ದು, ಪ್ರತಿಯೊಂದಕ್ಕೂ 5 ಲಕ್ಷ ಡಾಲರ್‌ವರೆಗೆ ಕೊಟ್ಟಿತು. ಕ್ಲೀವ್‌ಲ್ಯಾಂಡ್-ಕೊಲಂಬಸ್-ಡೇಟನ್-ಸಿನ್ಸಿನ್ನಾಟಿ ಮಾರ್ಗ ಆ ಪಟ್ಟಿಯಲ್ಲಿದೆ. ಶಿಕಾಗೊದಿಂದ ಫೋರ್ಟ್ ವೇಯ್ನ್, ಕೊಲಂಬಸ್ ಹಾಯ್ದು ಪಿಟ್ಸ್‌ಬರ್ಗ್‌ಗೆ ಹೋಗುವುದೂ ಇದೆ. ಆದರೆ ಅಮೆರಿಕದ ಕಾಮಗಾರಿ ಲೆಕ್ಕದಲ್ಲಿ 5 ಲಕ್ಷ ಡಾಲರ್ ಎಂದರೆ ಕಾಗದದ ಖರ್ಚು. ನಮ್ಮಲ್ಲಿ ಡಿಪಿಆರ್ ಎನ್ನುತ್ತೇವಲ್ಲ, ಅದಕ್ಕೂ ಮುಂಚಿನ ಹಂತ. ಇದಾದ ಮೇಲೆ ಸೇವಾ ಯೋಜನೆ, ಅದಾದ ಮೇಲೆ ಎಂಜಿನಿಯರಿಂಗ್ ಮತ್ತು ಪರಿಸರ ಪರಿಶೀಲನೆ. ಎರಡನೆಯದಕ್ಕೆ ಶೇ 10, ಮೂರನೆಯದಕ್ಕೆ ಶೇ 20 ಸ್ಥಳೀಯ ಪಾಲು ಹಾಕಬೇಕು. ಈ ಮೂರೂ ಮುಗಿದ ಮೇಲಷ್ಟೇ ಹಳಿ ಕೆಲಸದ ಹಣಕ್ಕೆ ಅರ್ಜಿ.

ಇಷ್ಟಾದರೂ ಕೊಲಂಬಸ್‌ನ ವಿಷಯದಲ್ಲಿ ನನ್ನ ಅನುಮಾನಕ್ಕೆ ಕಾರಣ ಕಾಮಗಾರಿಯ ಹಣದ ಕೊರತೆ ಅಲ್ಲವೇ ಅಲ್ಲ. ಯಾಕೆಂದರೆ ಆ ಹಣ ಒಮ್ಮೆ ನಿಮ್ಮೂರ ಬಾಗಿಲಿಗೇ ಬಂದು ವಾಪಸು ಹೋಗಿದೆ.

2009ರ ಆರ್ಥಿಕ ಉತ್ತೇಜನ ಕಾನೂನಿನಲ್ಲಿ ಒಬಾಮಾ ಸರ್ಕಾರ ಹೈಸ್ಪೀಡ್ ರೈಲಿಗೆಂದು 8 ಬಿಲಿಯನ್ ಡಾಲರ್ ಇಟ್ಟಿತು. ಅದರಲ್ಲಿ ಓಹಾಯೊಗೆ ಇದೇ ಕ್ಲೀವ್‌ಲ್ಯಾಂಡ್-ಕೊಲಂಬಸ್-ಸಿನ್ಸಿನ್ನಾಟಿ ಮಾರ್ಗಕ್ಕಾಗಿ 400 ಮಿಲಿಯನ್ ಡಾಲರ್ ಸಿಕ್ಕಿತು. ರಾಜ್ಯ ತನ್ನ ಕೈಯಿಂದ ಹಾಕಬೇಕಿದ್ದದ್ದು ರೈಲು ಓಡತೊಡಗಿದ ಮೇಲೆ ವರ್ಷಕ್ಕೆ ಸುಮಾರು 17 ಮಿಲಿಯನ್ ಡಾಲರ್ ನಷ್ಟಭರ್ತಿ. 2010ರ ನವೆಂಬರ್‌ನಲ್ಲಿ ಗವರ್ನರ್ ಆಗಿ ಆಯ್ಕೆಯಾದ ಜಾನ್ ಕೇಸಿಕ್ "ಈ ರೈಲು ಬೇಡ" ಎಂಬುದನ್ನೇ ಚುನಾವಣಾ ಮಾತು ಮಾಡಿಕೊಂಡಿದ್ದರು. ಸರಾಸರಿ ವೇಗ ಗಂಟೆಗೆ 39 ಮೈಲಿ ಎಂದು ಮೊದಲ ಅಂದಾಜಿನಲ್ಲಿ ಬಂದಿದ್ದನ್ನು ಹಿಡಿದು ಅವರು ಮಾಡಿದ ಲೇವಡಿ ಇವತ್ತಿಗೂ ಓಹಾಯೊದಲ್ಲಿ ಜನರ ಬಾಯಲ್ಲಿದೆ. ಡಿಸೆಂಬರ್ ಹೊತ್ತಿಗೆ ಕೇಂದ್ರ ಆ ಹಣವನ್ನು ಹಿಂದಕ್ಕೆ ಪಡೆದು ಕ್ಯಾಲಿಫೋರ್ನಿಯಾ, ಫ್ಲಾರಿಡಾ, ವಾಷಿಂಗ್ಟನ್ ಮುಂತಾದ ರಾಜ್ಯಗಳಿಗೆ ಹಂಚಿತು. ವಿಸ್ಕಾನ್ಸಿನ್‌ನಲ್ಲಿ ಗವರ್ನರ್ ಆಗಿ ಆಯ್ಕೆಯಾದ ಸ್ಕಾಟ್ ವಾಕರ್ ಮಿಲ್ವಾಕಿ-ಮ್ಯಾಡಿಸನ್ ರೈಲಿಗೆ ಸಿಕ್ಕಿದ್ದ 810 ಮಿಲಿಯನ್ ಬಿಟ್ಟುಕೊಟ್ಟರು. ಮರುವರ್ಷ ಫ್ಲಾರಿಡಾದಲ್ಲಿ ಗವರ್ನರ್ ರಿಕ್ ಸ್ಕಾಟ್ 2.4 ಬಿಲಿಯನ್ ಬೇಡವೆಂದರು. ವಿಸ್ಕಾನ್ಸಿನ್ ಅಷ್ಟರಲ್ಲಾಗಲೇ ಎರಡು ಟಾಲ್ಗೊ ರೈಲುಗಳನ್ನು ತಯಾರಿಗೆ ಕೊಟ್ಟಿತ್ತು. ಅವು ಸಿದ್ಧವಾಗಿ, ಪ್ರಯಾಣಿಕರನ್ನೇ ಕಾಣದೆ ವರ್ಷಗಟ್ಟಲೆ ನಿಂತು, ಕೊನೆಗೆ 2022ರಲ್ಲಿ ನೈಜೀರಿಯಾದ ಲಾಗೋಸ್ ರಾಜ್ಯಕ್ಕೆ ಮಾರಾಟವಾದವು. ಅಲ್ಲಿನ ಜನ ಹತ್ತಲಿ, ಒಳ್ಳೆಯದೇ. ಆದರೆ ಮಿಲ್ವಾಕಿಯಲ್ಲಿ ಜೋಡಿಸಿದ ರೈಲು ಲಾಗೋಸ್‌ನಲ್ಲಿ ಓಡುತ್ತಿದೆ, ಮ್ಯಾಡಿಸನ್‌ಗೆ ಮಾತ್ರ ಇಂದಿಗೂ ರೈಲಿಲ್ಲ.

ಯಾರೋ ಆನೆಯನ್ನು ದಾನ ಕೊಡುತ್ತೇನೆಂದರೆ ಬುದ್ಧಿವಂತ ಮೊದಲು ಕೇಳುವುದು ಮೇವಿನ ಲೆಕ್ಕ. ಕೇಸಿಕ್ ಕೇಳಿದ್ದೂ ಅದನ್ನೇ. ಅವರ ಉತ್ತರ ನನಗೆ ಒಪ್ಪಿಗೆಯಿಲ್ಲ, 17 ಮಿಲಿಯನ್ ಓಹಾಯೊದಂಥ ರಾಜ್ಯದ ರಸ್ತೆ ಬಜೆಟ್‌ನಲ್ಲಿ ಕಣ್ಣಿಗೆ ಬೀಳದ ಮೊತ್ತ. ಪ್ರಶ್ನೆಯನ್ನು ಮಾತ್ರ ತಪ್ಪೆನ್ನಲಾರೆ.

ಮೇವಿನ ಭಾರ ರಾಜ್ಯದ ಹೆಗಲಿಗೆ ಹೇಗೆ ಬಂತು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. 2008ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ಕಾನೂನು ಮಾಡಿ, 750 ಮೈಲಿಗಿಂತ ಕಡಿಮೆ ದೂರದ ಮಾರ್ಗಗಳ ನಷ್ಟವನ್ನು ಆಯಾ ರಾಜ್ಯಗಳೇ ತುಂಬಬೇಕು ಎಂದಿತು. ಈಶಾನ್ಯ ಮಾರ್ಗಕ್ಕೆ ಮಾತ್ರ ವಿನಾಯಿತಿ. 2013ರ ಅಕ್ಟೋಬರ್‌ನಿಂದ ಇದು ಪೂರ್ತಿ ಜಾರಿಯಲ್ಲಿದೆ. ಕ್ಲೀವ್‌ಲ್ಯಾಂಡ್-ಸಿನ್ಸಿನ್ನಾಟಿ ಸುಮಾರು 250 ಮೈಲಿ, ಹಾಗಾಗಿ ಪೂರ್ತಿ ಓಹಾಯೊ ಜವಾಬ್ದಾರಿ. ಈಗ ಹದಿನೇಳು-ಹದಿನೆಂಟು ರಾಜ್ಯಗಳು ಹೀಗೆ ದುಡ್ಡು ಕೊಟ್ಟು ರೈಲು ಓಡಿಸಿಕೊಳ್ಳುತ್ತಿವೆ. ಓಹಾಯೊ ಅವುಗಳಲ್ಲಿ ಇಲ್ಲ. ಪಕ್ಕದ ಇಂಡಿಯಾನಾ ಇತ್ತು. ಅದು ಹಣ ನಿಲ್ಲಿಸಿದ ಕೂಡಲೇ ಇಂಡಿಯಾನಾಪೊಲಿಸ್-ಶಿಕಾಗೊ ನಡುವಿನ ಹೂಸಿಯರ್ ಸ್ಟೇಟ್ ರೈಲು 2019ರ ಜೂನ್ 30ರಂದು ಕೊನೆಯ ಓಟ ಓಡಿತು. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಿಂದ ಒಕ್ಲಹೋಮಾ ಸಿಟಿಗೆ ಹೋಗುವ ಹಾರ್ಟ್‌ಲ್ಯಾಂಡ್ ಫ್ಲೈಯರ್ ಕೂಡ 2025ರಲ್ಲಿ ಹೀಗೇ ನಿಲ್ಲುವುದರಲ್ಲಿತ್ತು. ಟೆಕ್ಸಾಸ್ ಶಾಸಕರು ತಮ್ಮ ಪಾಲು ಕೊಡಲಿಲ್ಲ, ಕೊನೆ ಗಳಿಗೆಯಲ್ಲಿ ಡಾಲಸ್ ಪ್ರದೇಶದ ಸಾರಿಗೆ ಮಂಡಳಿ 3.5 ಮಿಲಿಯನ್ ಹಾಕಿ ಉಳಿಸಿಕೊಂಡಿತು.

ಊರಿನ ಹಿರಿಯರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಯಾಕೆಂದರೆ ಕರ್ನಾಟಕದಲ್ಲಿ ಲೆಕ್ಕ ತಲೆಕೆಳಗು. ತುಮಕೂರು-ಚಿತ್ರದುರ್ಗ-ದಾವಣಗೆರೆಯಂಥ ಹೊಸ ಮಾರ್ಗಕ್ಕೆ ರಾಜ್ಯ ಸರ್ಕಾರ ಅರ್ಧ ವೆಚ್ಚ ಕೊಟ್ಟು, ಜಮೀನನ್ನೂ ಬಿಟ್ಟಿಯಾಗಿ ಕೊಡುತ್ತದೆ. ಒಮ್ಮೆ ರೈಲು ಓಡಿತೆಂದರೆ ದಿನದ ನಷ್ಟ ರೈಲ್ವೆಯದ್ದು. ಗೂಡ್ಸ್ ಗಾಡಿಯ ಲಾಭದಲ್ಲಿ ಪ್ಯಾಸೆಂಜರ್ ಗಾಡಿ ಸಾಗುತ್ತದೆ. ಅಮೆರಿಕದಲ್ಲಿ ಕಟ್ಟಲು ಕೇಂದ್ರ ಶೇ 80ರವರೆಗೆ ಕೊಡುತ್ತದೆ, ಓಡಿಸಲು ರಾಜ್ಯವೇ ಕೊಡಬೇಕು. ಆದ್ದರಿಂದಲೇ ಕರ್ನಾಟಕದಲ್ಲಿ ಶಿಲಾನ್ಯಾಸವಾಗಿ ಇಪ್ಪತ್ತು ವರ್ಷ ಹಳಿ ಬೀಳದ ಮಾರ್ಗಗಳಿದ್ದರೆ, ಅಮೆರಿಕದಲ್ಲಿ ಹಳಿ ಇದ್ದೂ ರೈಲಿಲ್ಲದ ಊರುಗಳಿವೆ. ನಿಮ್ಮದು ಅಂಥ ಊರು. 1979ರ ಅಕ್ಟೋಬರ್‌ನಲ್ಲಿ ನ್ಯಾಷನಲ್ ಲಿಮಿಟೆಡ್ ಎಂಬ ರೈಲು ನಿಂತ ಮೇಲೆ ಕೊಲಂಬಸ್‌ಗೆ ಪ್ಯಾಸೆಂಜರ್ ರೈಲು ಬಂದಿಲ್ಲ. ಗೂಡ್ಸ್ ಮಾತ್ರ ಹಗಲು-ರಾತ್ರಿ ಓಡುತ್ತಿದೆ.

ಆ ಗೂಡ್ಸ್ ಎಂದಾಗಲೇ ಎರಡನೇ ಗಂಟು ಬರುವುದು. ಹಳಿ ಯಾರದ್ದು?

1971ರ ಮೇ 1ರಂದು ಆಮ್‌ಟ್ರಾಕ್ ಶುರುವಾದಾಗ ಖಾಸಗಿ ರೈಲು ಕಂಪನಿಗಳು ತಮ್ಮ ಪ್ರಯಾಣಿಕ ಗಾಡಿಗಳ ನಷ್ಟವನ್ನು ಅದರ ತಲೆಗೆ ಕಟ್ಟಿ ಕೈ ತೊಳೆದುಕೊಂಡವು. ಆ ಒಂದೇ ದಿನ ದೇಶದ ದೂರದೂರಿನ ರೈಲುಗಳಲ್ಲಿ ಅರ್ಧದಷ್ಟು ನಿಂತುಹೋದವು. ಹಳಿಗಳು ಮಾತ್ರ ಕಂಪನಿಗಳಲ್ಲೇ ಉಳಿದವು. ಈಶಾನ್ಯದ ಬಹುಭಾಗ ಮತ್ತು ಬೇರೆಡೆ ಕೆಲವು ತುಂಡುಗಳನ್ನು ಬಿಟ್ಟರೆ ಆಮ್‌ಟ್ರಾಕ್ ಇವತ್ತಿಗೂ ಬಾಡಿಗೆ ಹಳಿಯ ಮೇಲೆ ಓಡುತ್ತದೆ. ನಿಮ್ಮ ಮಾರ್ಗದಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಕೊಲಂಬಸ್‌ವರೆಗೆ ಸಿಎಸ್‌ಎಕ್ಸ್ ಎಂಬ ಗೂಡ್ಸ್ ಕಂಪನಿಯ ಹಳಿ, ಅಲ್ಲಿಂದ ಡೇಟನ್, ಸಿನ್ಸಿನ್ನಾಟಿಗೆ ನಾರ್‌ಫೋಕ್ ಸದರ್ನ್ ಎಂಬ ಇನ್ನೊಂದು ಕಂಪನಿಯದು. ಗೂಡ್ಸ್‌ಗಿಂತ ಪ್ಯಾಸೆಂಜರ್ ಗಾಡಿಗೆ ಮೊದಲು ದಾರಿ ಬಿಡಬೇಕೆಂದು 1973ರಿಂದ ಕಾನೂನಿದೆ. ಮುರಿದವರ ಮೇಲೆ ಆಮ್‌ಟ್ರಾಕ್ ತಾನೇ ಕೋರ್ಟಿಗೆ ಹೋಗುವಂತಿಲ್ಲ, ನ್ಯಾಯ ಇಲಾಖೆ ಹೋಗಬೇಕು. ಅದು ಹೋದದ್ದು ಎರಡು ಸಲ: 1979ರಲ್ಲಿ ಒಮ್ಮೆ, 2024ರಲ್ಲಿ ನಾರ್‌ಫೋಕ್ ಸದರ್ನ್ ಮೇಲೆ ಇನ್ನೊಮ್ಮೆ. ಎರಡು-ಮೂರು ಮೈಲಿ ಉದ್ದದ ಗೂಡ್ಸ್ ಲೂಪ್ ಲೈನಿನಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಸಿಂಗಲ್ ಲೈನಿನಲ್ಲಿ ಕ್ರಾಸಿಂಗ್‌ಗೆ ಕಾಯುವುದು ಕಾನೂನಿನ ಪ್ರಕಾರ ಮೊದಲು ಹೋಗಬೇಕಾದ ಪ್ಯಾಸೆಂಜರ್ ಗಾಡಿಯೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ.

ಮೆಕ್ಸಿಕೊ ಕೊಲ್ಲಿಯ ತೀರದ ಕಥೆ ನೋಡಿ. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಪೂರ್ವಕ್ಕೆ ಹೋಗುವ ರೈಲು ನಿಂತಿತು. ಗೂಡ್ಸ್ ಕಂಪನಿ ಹಳಿಯನ್ನು ಕೆಲವೇ ತಿಂಗಳಲ್ಲಿ ಸರಿಮಾಡಿಕೊಂಡಿತು, ಪ್ಯಾಸೆಂಜರ್ ಗಾಡಿ ಮಾತ್ರ ಬರಲಿಲ್ಲ. ನ್ಯೂ ಆರ್ಲಿಯನ್ಸ್‌ನಿಂದ ಅಲಬಾಮಾದ ಮೊಬೀಲ್‌ವರೆಗೆ, ಬರೀ 145 ಮೈಲಿ, ದಿನಕ್ಕೆ ಎರಡು ಗಾಡಿ ಓಡಿಸುತ್ತೇವೆ ಎಂದು ಆಮ್‌ಟ್ರಾಕ್ ಕೇಳಿದರೆ ಹಳಿಯ ಒಡೆಯರು ಮೊದಲು 440 ಮಿಲಿಯನ್ ಡಾಲರ್ ಕೆಲಸ ಮಾಡಿಸಿ ಎಂದರು. 2021ರಲ್ಲಿ ವಿವಾದ ರೈಲು ಸಾರಿಗೆಯ ಕೇಂದ್ರ ನಿಯಂತ್ರಣ ಮಂಡಳಿಗೆ ಹೋಯಿತು. 2022ರಲ್ಲಿ ವಾರಗಟ್ಟಲೆ ವಿಚಾರಣೆ, ಸಾಕ್ಷಿ, ವಾದ. ಮಂಡಳಿ ತೀರ್ಪು ಕೊಡುವ ಮುಂಚೆ, ಆ ವರ್ಷದ ನವೆಂಬರ್‌ನಲ್ಲಿ ಎಲ್ಲರೂ ರಾಜಿಯಾದರು. 2023ರಲ್ಲಿ ಕೇಂದ್ರದಿಂದ 178 ಮಿಲಿಯನ್ ಬಂತು. ಅಷ್ಟಾದ ಮೇಲೂ ಮೊಬೀಲ್ ನಗರಸಭೆ ತನ್ನ ಪಾಲಿನ ಸುಮಾರು 3 ಮಿಲಿಯನ್‌ಗೆ ಒಪ್ಪಿಗೆ ಕೊಡಲು 2024ರ ಆಗಸ್ಟ್ ಆಯಿತು. 2025ರ ಆಗಸ್ಟ್ 18ರಂದು ಮಾರ್ಡಿ ಗ್ರಾ ಎಂಬ ಹೆಸರಿನಲ್ಲಿ ರೈಲು ಹೊರಟಿತು. ಇದ್ದ ಹಳಿಯ ಮೇಲೆ ಇದ್ದ ರೈಲನ್ನು ಮತ್ತೆ ಓಡಿಸಲು ಇಪ್ಪತ್ತು ವರ್ಷ. ಹಣವೊಂದೇ ಸಾಲದು ಎನ್ನಲು ನಾನು ಯಾವಾಗಲೂ ಈ ಮಾರ್ಗವನ್ನೇ ಎತ್ತಿ ತೋರಿಸುತ್ತೇನೆ.

ಹಾಗಾದರೆ ಎಲ್ಲಿಯೂ ಆಗುತ್ತಿಲ್ಲವೇ? ಆಗುತ್ತಿದೆ. ವರ್ಜೀನಿಯಾ ಈ ಗಂಟನ್ನು ಬಿಚ್ಚಿದ ರೀತಿ ನನಗೆ ಎಲ್ಲಕ್ಕಿಂತ ಇಷ್ಟ. 2019ರಲ್ಲಿ ಅದು ಸಿಎಸ್‌ಎಕ್ಸ್ ಜೊತೆ 3.7 ಬಿಲಿಯನ್ ಡಾಲರ್‌ನ ಯೋಜನೆಗೆ ಒಪ್ಪಂದ ಮಾಡಿಕೊಂಡು, ಹಳಿಗೆ ಬಾಡಿಗೆ ಕೊಡುವ ಬದಲು ಸುಮಾರು 350 ಮೈಲಿ ಹಾದಿಯನ್ನೂ 225 ಮೈಲಿ ಹಳಿಯನ್ನೂ ಕೊಂಡುಕೊಂಡಿತು. ಮರುವರ್ಷ ಅದಕ್ಕೆಂದೇ ರಾಜ್ಯದ ರೈಲು ಪ್ರಾಧಿಕಾರ ಕಟ್ಟಿತು. ವಾಷಿಂಗ್ಟನ್ ಪಕ್ಕದ ಪೊಟೊಮ್ಯಾಕ್ ನದಿಗೆ ಪ್ಯಾಸೆಂಜರ್ ಗಾಡಿಗೆಂದೇ ಹೊಸ ಸೇತುವೆಯ ಕೆಲಸ 2024ರಲ್ಲಿ ಶುರುವಾಯಿತು, ಗುರಿ 2030. ಈ ಯೋಜನೆ ಡೆಮಾಕ್ರಟಿಕ್ ಗವರ್ನರ್ ಕಾಲದಲ್ಲಿ ಹುಟ್ಟಿ ರಿಪಬ್ಲಿಕನ್ ಗವರ್ನರ್ ಕಾಲದಲ್ಲೂ ಸಾಗಿತು. ಐ-95 ಹೆದ್ದಾರಿಗೆ ಇನ್ನೊಂದು ಲೇನ್ ಸೇರಿಸುವುದಕ್ಕಿಂತ ಇದು ಅಗ್ಗ ಎಂದು ರಾಜ್ಯ ಲೆಕ್ಕ ತೋರಿಸಿಕೊಟ್ಟಿದ್ದು ಉಳಿವಿಗೆ ಕಾರಣ. ಪರಿಸರ, ಹಳೇ ಕಾಲದ ಸೊಗಸು ಇವೆಲ್ಲ ಭಾಷಣಕ್ಕೆ ಸರಿ, ಶಾಸಕರ ಮನಸ್ಸು ತಿರುಗಿಸುವುದು ಇಂಥ ಲೆಕ್ಕ.

ಸಣ್ಣ ದಾರಿಯೂ ಇದೆ. ಶಿಕಾಗೊ-ಮಿಲ್ವಾಕಿ ನಡುವೆ ಮೊದಲೇ ಓಡುತ್ತಿದ್ದ ಒಂದು ಗಾಡಿಯನ್ನು ಸೇಂಟ್ ಪಾಲ್‌ವರೆಗೆ ಬೆಳೆಸಿ 2024ರ ಮೇ 21ರಂದು ಬೊರಿಯಾಲಿಸ್ ಎಂಬ ರೈಲು ಹೊರಡಿಸಿದರು. ವೇಗವಿಲ್ಲ, ಹೊಳಪಿಲ್ಲ, ಏಳು ಗಂಟೆಯ ಮೇಲೆ ಹಿಡಿಯುತ್ತದೆ. ಆದರೂ ಆರು ತಿಂಗಳೊಳಗೆ ಒಂದು ಲಕ್ಷ ಜನ ಹತ್ತಿದರು. ಖರ್ಚು ಹಂಚಿಕೊಳ್ಳುವ ಮೂರು ರಾಜ್ಯಗಳಲ್ಲಿ ಒಂದು, ಹಿಂದೆ 810 ಮಿಲಿಯನ್ ಬಿಟ್ಟುಕೊಟ್ಟ ಅದೇ ವಿಸ್ಕಾನ್ಸಿನ್. ಜನರಿಗೆ ರೈಲು ಬೇಡ ಎಂಬ ಮಾತನ್ನು ನಾನು ನಂಬುವುದಿಲ್ಲ. 2025ರ ಆರ್ಥಿಕ ವರ್ಷದಲ್ಲಿ ಆಮ್‌ಟ್ರಾಕ್ 3.45 ಕೋಟಿ ಪ್ರಯಾಣಿಕರನ್ನು ಹೊತ್ತು ತನ್ನ ದಾಖಲೆ ಮುರಿಯಿತು. (ಭಾರತೀಯ ರೈಲ್ವೆ ಅಷ್ಟು ಜನರನ್ನು ಎರಡು ದಿನದೊಳಗೆ ಸಾಗಿಸುತ್ತದೆ, ಅದು ನಿಮ್ಮ ತಂದೆಯವರಿಗೆ ಖುಷಿ ಕೊಡುವ ಲೆಕ್ಕ.)

ವಾಷಿಂಗ್ಟನ್ ರಾಜಕೀಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆದ್ದಾರಿಗೆ 1956ರಿಂದ ಪೆಟ್ರೋಲ್ ತೆರಿಗೆಯ ಪ್ರತ್ಯೇಕ ನಿಧಿ ಇದೆ, ವಿಮಾನಕ್ಕೂ ಇದೆ. ರೈಲಿಗೆ ಇಲ್ಲ, ವರ್ಷವರ್ಷ ಕೈ ಚಾಚಬೇಕು. 2023ರಲ್ಲಿ ಪ್ರತಿನಿಧಿ ಸಭೆಯ ಕರಡಿನಲ್ಲಿ ಆಮ್‌ಟ್ರಾಕ್ ಅನುದಾನಕ್ಕೆ ಶೇ 64 ಕತ್ತರಿ ಹಾಕಿದ್ದರು. ಕೊನೆಗೆ ಸಿಕ್ಕಿದ್ದು ಸುಮಾರು 2.4 ಬಿಲಿಯನ್, ಹೆಚ್ಚೂಕಡಿಮೆ ಹಿಂದಿನಷ್ಟೇ. ಕಾನ್ಸಾಸ್, ಮೊಂಟಾನಾದಂಥ ರಾಜ್ಯಗಳ ಸಣ್ಣ ಊರುಗಳಿಗೆ ರೈಲು ಬೇಕು, ಅಲ್ಲಿನ ರಿಪಬ್ಲಿಕನ್ ಸೆನೆಟರ್‌ಗಳು ಬಿಡುವುದಿಲ್ಲ. ಹೀಗೆ ಆಮ್‌ಟ್ರಾಕ್ ಐವತ್ತು ವರ್ಷದಿಂದ ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. 2021ರ ಕಾನೂನಿನ ಅವಧಿ 2026ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಮುಂದಿನ ಕಾನೂನಿನಲ್ಲಿ ಹಳೇ ಉದಾರತೆ ಇರುತ್ತದೆಂದು ನಾನು ನಿರೀಕ್ಷಿಸುವುದಿಲ್ಲ. ಹಾಗಾಗಿ 69 ಮಾರ್ಗಗಳಲ್ಲಿ ಮೂರು-ನಾಲ್ಕು ವರ್ಷದೊಳಗೆ ಕೆಲಸಕ್ಕೆ ಇಳಿಯುವವು ಬೆರಳೆಣಿಕೆ, ಅವೂ ರಾಜ್ಯ ತಾನಾಗಿ ಹಣ ತೆಗೆದಿಟ್ಟ ಕಡೆ.

ಓಹಾಯೊದಲ್ಲಿ ಒಂದು ಬದಲಾವಣೆ ನಿಜವಾಗಿ ಆಗಿದೆ. ಈ ಸಲ ಅರ್ಜಿ ಹಾಕಿದ್ದು ರಾಜ್ಯದ ರೈಲು ಅಭಿವೃದ್ಧಿ ಆಯೋಗವೇ, ರಿಪಬ್ಲಿಕನ್ ಗವರ್ನರ್ ಮೈಕ್ ಡಿವೈನ್ ಅವರ ಒಪ್ಪಿಗೆಯಿಂದ. ಆದರೆ ಯೋಜನೆ ಬರೆಯಲು ಒಪ್ಪುವುದಕ್ಕೂ ವರ್ಷವರ್ಷ ಓಡಿಸಲು ಒಪ್ಪುವುದಕ್ಕೂ ದೂರ ಬಹಳ. ಕೇಂದ್ರದ ಇನ್ನೊಂದು ಅನುದಾನದಲ್ಲಿ ಹೊಸ ರೈಲಿನ ಮೊದಲ ಆರು ವರ್ಷದ ನಷ್ಟಕ್ಕೆ ನೆರವು ಸಿಗಬಹುದು. ಮೊದಲ ವರ್ಷ ಶೇ 90ರವರೆಗೆ, ಇಳಿಯುತ್ತ ಆರನೇ ವರ್ಷ ಶೇ 30. ಏಳನೇ ವರ್ಷದಿಂದ ಪೂರ್ತಿ ರಾಜ್ಯದ್ದು. ಆ ಏಳನೇ ವರ್ಷದ ಬಗ್ಗೆ ಓಹಾಯೊ ಶಾಸಕರ್ಯಾರೂ ಇನ್ನೂ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. 2026ರ ನವೆಂಬರ್ ಚುನಾವಣೆಯಲ್ಲಿ ಡಿವೈನ್ ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ. ರಾಜ್ಯದ ಸಾರಿಗೆ ಬಜೆಟ್ ಎರಡು ವರ್ಷಕ್ಕೊಮ್ಮೆ, ಬೆಸಸಂಖ್ಯೆಯ ವರ್ಷದ ಮಾರ್ಚ್ ಹೊತ್ತಿಗೆ ಆಗುತ್ತದೆ. 2027ರ ಬಜೆಟ್‌ನಲ್ಲಿ ಈ ಮಾರ್ಗದ ಮುಂದಿನ ಹಂತಕ್ಕೆ ಸ್ಥಳೀಯ ಪಾಲಿನ ಸಾಲು ಇದೆಯೇ ನೋಡಿ. ಇದ್ದರೆ ನನ್ನ ಅಂದಾಜನ್ನು ಒಂದೆರಡು ವರ್ಷ ಮುಂಚೆಗೆ ತರುತ್ತೇನೆ. ಇಲ್ಲದಿದ್ದರೆ ವಾಷಿಂಗ್ಟನ್‌ನಿಂದ ಎಷ್ಟು ಬಿಲಿಯನ್ ಸುದ್ದಿ ಬಂದರೂ ನಿಮ್ಮೂರ ಮಟ್ಟಿಗೆ ಲೆಕ್ಕಕ್ಕೆ ಹಿಡಿಯಬೇಡಿ. ಮತ ಹಾಕುವ ಹಕ್ಕು ನಿಮಗಿದ್ದರೂ ಇಲ್ಲದಿದ್ದರೂ ನಿಮ್ಮ ಕ್ಷೇತ್ರದ ರಾಜ್ಯ ಶಾಸಕರ ಕಚೇರಿಗೆ ಒಂದು ಪತ್ರ ಬರೆಯಬಹುದು. ಇಂಥ ವಿಷಯಕ್ಕೆ ಅವರಿಗೆ ಬರುವ ಪತ್ರಗಳು ತೀರ ಕಡಿಮೆ.

ಅಪ್ಪ-ಅಮ್ಮ ಈ ಸಲ ಬಂದಾಗ ರೈಲು ತೋರಿಸಬೇಕೆಂದಿದ್ದರೆ ಸಿನ್ಸಿನ್ನಾಟಿಗಿಂತ ಕ್ಲೀವ್‌ಲ್ಯಾಂಡ್ ಮೇಲು. ಸಿನ್ಸಿನ್ನಾಟಿಗೆ ಬರುವ ಕಾರ್ಡಿನಲ್ ವಾರಕ್ಕೆ ಮೂರೇ ದಿನ, ಅದೂ ನಡುರಾತ್ರಿ ದಾಟಿದ ಮೇಲೆ. ಕ್ಲೀವ್‌ಲ್ಯಾಂಡ್‌ನಲ್ಲೂ ಗಾಡಿಗಳು ರಾತ್ರಿಯೇ, ಆದರೆ ದಿನವೂ ಇವೆ. ಬೆಳಗಾಗುವ ಮೊದಲು ಹತ್ತಿದರೆ ಬೆಳಿಗ್ಗೆ ಶಿಕಾಗೊ ತಲುಪಿಸುತ್ತವೆ. ಟಿಕೆಟ್ ಬೇಗ ತೆಗೆದಷ್ಟೂ ಅಗ್ಗ, 65 ದಾಟಿದವರಿಗೆ ರಿಯಾಯಿತಿಯೂ ಇದೆ. ಹೊದಿಕೆ ಮತ್ತು ತಿಂಡಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ.